ಹನ್ನೊಂದನೆಯ ಚಿತ್ರದ ಮುಖ

ಮೇ 12ರ ನಸುಕು, ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾವಲುಗಾರ ಮಾರ್ಟಿನ್‌ಗೆ ಒಂದು ಸಣ್ಣ ಸದ್ದು ಕೇಳಿಸಿತು. ಕರ್... ಕರ್... ನಿಂತಿತು. ಮತ್ತೆ ಕರ್. ಹೆಗ್ಗಣ ರಟ್ಟು ಕಡಿಯುತ್ತಿದೆ ಎಂದುಕೊಂಡು ಅವನು ಮಗ್ಗುಲು ಬದಲಿಸಿದ. ಬೆಳಿಗ್ಗೆ 5.35ಕ್ಕೆ ಠಾಣೆಯಲ್ಲಿ ಬರೆಸಿದ ದೂರಿನಲ್ಲಿ ಸದ್ದಿನ ವಿಷಯವಿತ್ತು, ಮಗ್ಗುಲಿನ ವಿಷಯ ಇರಲಿಲ್ಲ.

ದೂರು ಇಷ್ಟು: ಕೊಲಂಬೊದ ನಾಗಹವತ್ತ ವಿಹಾರದ ಅಂಗಳದಲ್ಲಿ ವೆಸಾಕ್ ಎಂಬ ಬುದ್ಧಪೂರ್ಣಿಮೆಗೆಂದು ಕಟ್ಟಿದ ದೀಪದ ತೋರಣದಲ್ಲಿ, ಹನ್ನೊಂದನೆಯ ಚಿತ್ರದಿಂದ ಒಂದು ಮುಖವನ್ನು ಯಾರೋ ಕೊಯ್ದು ಒಯ್ದಿದ್ದಾರೆ. ಸಂಜೆ ಏಳಕ್ಕೆ ದೀಪ ಹತ್ತಬೇಕು.

ಇನ್ಸ್‌ಪೆಕ್ಟರ್ ತಿಲಕಾ ರತ್ನವೀರ ಸ್ಥಳಕ್ಕೆ ಬಂದಾಗ 5.55. ಜೀಪಿನಿಂದಿಳಿದವಳು ಕತ್ತೆತ್ತಿ ಹಾಗೇ ನಿಂತಳು. ತೋರಣವೆಂದರೆ ಎಪ್ಪತ್ತು ಅಡಿ ಎತ್ತರದ ಹಲಗೆಯ ಚೌಕಟ್ಟು. ಇಪ್ಪತ್ತು ಸಾವಿರ ಬಲ್ಬು. ನಡುವೆ ಬುದ್ಧ, ಸುತ್ತ ಹದಿನಾರು ಚಿತ್ರಗಳಲ್ಲಿ ಅವನ ಹಿಂದಿನ ಜನ್ಮವಾದ ವೆಸ್ಸಂತರನ ಕತೆ: ರಾಜ್ಯ ಕೊಟ್ಟ, ಆನೆ ಕೊಟ್ಟ, ಕೊನೆಗೆ ಕೇಳಿದ ಬ್ರಾಹ್ಮಣನಿಗೆ ತನ್ನ ಇಬ್ಬರು ಮಕ್ಕಳನ್ನೂ ಕೊಟ್ಟುಬಿಟ್ಟ ರಾಜಕುಮಾರ. ದೀಪವಿಲ್ಲದೆಯೂ ಅದು ನಿದ್ರೆಯಲ್ಲಿರುವ ದೊಡ್ಡ ಪ್ರಾಣಿಯಂತೆ ಕಾಣುತ್ತಿತ್ತು. ಇದಕ್ಕೂ ಕೈ ಹಚ್ಚುವ ಧೈರ್ಯ ಯಾರಿಗೆ ಬಂತು ಎಂದುಕೊಂಡಳು.

ಸಾರ್ಜೆಂಟ್ ಜಮಾಲ್ದೀನ್ ಪಂಚನಾಮೆ ಬರೆಯತೊಡಗಿದ. ಹನ್ನೊಂದನೆಯದು ಕೆಳಸಾಲಿನ ಚಿತ್ರ. ಬಡಗಿಗಳ ಏಣಿ ಅಲ್ಲೇ ಒರಗಿತ್ತು, ಗರಗಸದ ಅಲಗು ಏಣಿಯ ಮೆಟ್ಟಿಲ ಮೇಲಿತ್ತು. ಬ್ರಾಹ್ಮಣ ಬಳ್ಳಿಯಿಂದ ಮಕ್ಕಳ ಕೈ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದಾನೆ. ಹುಡುಗನ ಮುಖ ಇದೆ. ಹುಡುಗಿಯ ಮುಖವಿದ್ದಲ್ಲಿ ದುಂಡನೆಯ ತೂತು.

"ಕೂದಲಿಗೂ ತಾಗಿಸಿಲ್ಲ ನೋಡಿ ಮೇಡಂ. ಕಳ್ಳನಿಗೆ ಕೈ ನಡುಗಿಲ್ಲ," ಎಂದ ಜಮಾಲ್ದೀನ್.

"ನಡುಗಿದೆ. ಮೂರು ಕಡೆ ನಿಲ್ಲಿಸಿ ಕೊಯ್ದಿದಾರೆ. ನಿಧಾನ ಮಾಡಿದ್ದು ನಡುಗಿದ್ದಕ್ಕೇ."

ಅಂಗಳದ ಮರಳನ್ನು ಹಿಂದಿನ ರಾತ್ರಿ 11.45ಕ್ಕೆ ಕುಂಟೆಯಿಂದ ಹಸನು ಮಾಡಿದ್ದರು, ಗೇಟಿಗೆ ಹನ್ನೆರಡಕ್ಕೆ ಬೀಗ. ನಸುಕಿಗೆ ಬಂದ ಚಿತ್ರಗಾರ ಹೆನ್ರಿ ತೂತು ಕಂಡದ್ದೇ ಅಂಗಳಕ್ಕೆ ಹಗ್ಗ ಕಟ್ಟಿ ಯಾರನ್ನೂ ಬಿಟ್ಟಿರಲಿಲ್ಲ. ಬರಿಗಾಲಿನ ಹೆಜ್ಜೆಗಳು ಒಂದೇ ಸಾಲು: ಧರ್ಮಶಾಲೆಯಿಂದ ಏಣಿಗೆ, ಏಣಿಯಿಂದ ಧರ್ಮಶಾಲೆಗೆ. ಚಿಕ್ಕ ಪಾದ. ಹೆಂಗಸಿನದು.

ಧರ್ಮಶಾಲೆಯಲ್ಲಿ ಮಲಗಿದ್ದವರು ಎಂಬಿಲಿಪಿಟಿಯ ಕಡೆಯಿಂದ ಬಸ್ಸಿನಲ್ಲಿ ಬಂದ ನಲವತ್ತೆರಡು ಜನ. ಅವರ ಯಜಮಾನ ಸುಮನದಾಸ, ಸಿಂಹಳದ ಮರ್ಯಾದೆಯಲ್ಲಿ 'ಮಹತ್ತಯ', ಕರೆಯದೆಯೇ ಮುಂದೆ ಬಂದ.

"ನಿನ್ನೆ ಎಲ್ಲೆಲ್ಲಿ ಹೋದ್ರಿ?"

"ಮ್ಯೂಸಿಯಂ, ಬಂದರು, ಆಮೇಲೆ ಗಾಲ್ ಫೇಸ್ ಕಡಲತೀರ. ನಮ್ಮಲ್ಲಿ ಅರ್ಧ ಜನ ಸಮುದ್ರ ನೋಡಿದ್ದೇ ಮೊದಲು ಮೇಡಂ. ಒಂದಜ್ಜಿ, 'ಅಪ್ಪೋ, ಇದಕ್ಕೆ ರಾತ್ರಿ ಬಾಗಿಲು ಹಾಕಲ್ವಾ?' ಅಂತ ಕೇಳಿದ್ಲು."

"ರಾತ್ರಿ?"

"ಹನ್ನೊಂದಕ್ಕೆ ತೋರಣ ಹತ್ತಿಸಿ ಪರೀಕ್ಷೆ ಮಾಡಿದ್ರು. ಎಲ್ಲಾ ನಿಂತು ನೋಡಿದ್ವಿ. ಮಕ್ಕಳನ್ನ ಕೊಟ್ಟ ಚಿತ್ರಕ್ಕೆ ದೀಪ ಬಂದಾಗ ಒಂದೇ ದನಿಯಲ್ಲಿ ಸಾಧು, ಸಾಧು ಅಂದ್ವಿ. ಮೈ ಜುಂ ಅಂತು."

ಆರೂವರೆಗೆ ಆ ನಲವತ್ತೆರಡೂ ಜನ ಬಿಳಿ ಉಟ್ಟು, ಹಿಂದಿನ ಬಾಗಿಲಿನಿಂದ ಬುದ್ಧಮಂದಿರಕ್ಕೆ ಹೋಗಿ ಭಿಕ್ಷುವಿನ ಎದುರು ಅಷ್ಟಶೀಲ ತೆಗೆದುಕೊಂಡರು. ನಾಳೆ ಬೆಳಗಾಗುವವರೆಗೆ ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ, ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ. ತಿಲಕಾ ಪ್ರತಿ ವೆಸಾಕ್‌ಗೂ ಡ್ಯೂಟಿಯಲ್ಲಿರುತ್ತಾಳೆ. ಶೀಲ ತೆಗೆದುಕೊಂಡು ಹದಿನಾಲ್ಕು ವರ್ಷವಾಗಿತ್ತು.

"ಚೀಲ ಹುಡುಕಿಬಿಡೋಣ," ಎಂದ ಜಮಾಲ್ದೀನ್.

"ಬಿಳಿ ಉಟ್ಟವರ ಚೀಲ ಇವತ್ತು ಪೊಲೀಸರು ಬಿಚ್ಚಿದ್ರೆ ನಾಳೆ ಪೇಪರಲ್ಲಿ ನಮ್ಮದೇ ತೋರಣ. ಬೇಡ. ಒಂದೇ ಪ್ರಶ್ನೆ ಕೇಳೋಣ."

ಅದಕ್ಕೂ ಮೊದಲು ಅವಳು ಹೆನ್ರಿಯನ್ನು ಕೂರಿಸಿಕೊಂಡಳು. ಎಪ್ಪತ್ತೆರಡರ ಮುದುಕ, ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ.

"ಆ ಹುಡುಗಿ ಯಾರು?"

"ಗೊತ್ತಿಲ್ಲ ಮೇಡಂ. ಮರದಾನೆಯಲ್ಲಿ ಒಂದು ಫೋಟೊ ಸ್ಟುಡಿಯೊ ಮುಚ್ಚಿದಾಗ ಡಬ್ಬದ ತುಂಬ ಹಳೇ ಫೋಟೊ ಕೊಟ್ರು. ಎಲ್ಲಾ ಪಾಸ್‌ಪೋರ್ಟಿನವು. ಮುಖ ಬೇಕಾದಾಗ ಒಂದು ಎತ್ಕೋತೀನಿ. ಇದಕ್ಕೆ ಹುಬ್ಬಿನ ಮೇಲೆ ಗಾಯದ ಗೆರೆ ಇತ್ತು. ಚೆಂದ ಕಾಣ್ತು, ಅದನ್ನೂ ಬರೆದೆ."

"ಬೇರೆ ಮುಖ ಬರೆಯೋಕಾಗುತ್ತಾ, ಏಳರೊಳಗೆ?"

"ಬರೀಬಹುದು. ಆದ್ರೆ ಇಪ್ಪತ್ತು ದಿನ ಅವಳ ಜೊತೆ ಕೂತಿದೀನಿ."

ಮಧ್ಯಾಹ್ನ 12.30ಕ್ಕೆ ವಿಹಾರದ ಗ್ರಂಥಾಲಯದಲ್ಲಿ ವಿಚಾರಣೆ ಶುರುವಾಯಿತು. ಇಪ್ಪತ್ತೇಳು ಹೆಂಗಸರು, ಒಬ್ಬೊಬ್ಬರಾಗಿ. ಪ್ರಶ್ನೆ: ಆ ಮುಖ ನೀವು ತೆಗೆದಿರಾ?

"ಇಲ್ಲ ಮೇಡಂ." "ಇಲ್ಲಪ್ಪ, ನನ್ನ ಮೊಣಕಾಲಿಗೆ ಏಣಿನಾ?" "ಇಲ್ಲ. ಊಟಕ್ಕೂ ಮೊದಲೇ ಕೇಳಬಾರದಿತ್ತಾ, ಈಗ ಹಸಿವಾಗುತ್ತೆ."

ಹತ್ತೊಂಬತ್ತನೆಯವಳು ಪದ್ಮಸೀಲಿ, ವಯಸ್ಸು ಅರವತ್ತೆರಡು. ಪ್ರಶ್ನೆ ಕೇಳಿ ಅವಳು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನಾನು ತಗೊಂಡಾಗ ಶೀಲ ತಗೊಂಡಿರ್ಲಿಲ್ಲ ಮೇಡಂ," ಎಂದಳು. "ಮೊದಲು ಅದು, ಆಮೇಲೆ ಇದು, ತಪ್ಪಾಗಲ್ಲ ಅಂದ್ಕೊಂಡೆ. ನೀವು ಬಂದು ಕೇಳ್ತೀರಿ ಅಂತ ಹೊಳೀಲಿಲ್ಲ."

1.50ಕ್ಕೆ ಅವಳನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆದೊಯ್ದರು. ವಸ್ತುವನ್ನು ಗುರುತಿಸಲು ಹೆನ್ರಿಯೂ ಬಂದ. ಬಿಳಿ ಕೈಚೀಲದೊಳಗೆ, ತಲೆಬಟ್ಟೆಯಲ್ಲಿ ಸುತ್ತಿದ ಆ ಮುಖ ಮೇಜಿನ ಮೇಲೆ ಬಂತು.

"ಯಾರಿವಳು?"

"ನನ್ನ ಮಗಳು."

ಹೇಳಿಕೆ ಒಂದೂವರೆ ಪುಟವಾಯಿತು. 1984ರಲ್ಲಿ ಅವಳಿಗೆ ಇಪ್ಪತ್ತೊಂದು, ಮಗುವಿಗೆ ಮೂರು, ಮದುವೆಯಾಗಿರಲಿಲ್ಲ. ಕೊಲಂಬೊದ ಒಂದು ಮನೆಯಲ್ಲಿ ಒಬ್ಬಳು ಹೆಂಗಸು, ಹೊರದೇಶದವರು ಚೆನ್ನಾಗಿ ಸಾಕುತ್ತಾರೆ, ಫೋಟೊ ಕಳಿಸುತ್ತಾರೆ ಎಂದಳು. ಪಾಸ್‌ಪೋರ್ಟಿಗೆಂದು ಮಗುವಿನ ಫೋಟೊ ತೆಗೆಸಿದರು, ಪದ್ಮಸೀಲಿ ಕೊಟ್ಟುಬಿಟ್ಟಳು. ಆಮೇಲೆ ಒಂದು ಫೋಟೊವೂ ಬರಲಿಲ್ಲ. ನಾಲ್ಕು ವರ್ಷದ ಮೇಲೆ, ಈಗ ಅದೇ ಬಸ್ಸಿನಲ್ಲಿ ಬಂದಿರುವ ಏಕನಾಯಕನನ್ನು ಮದುವೆಯಾದಳು. ಅವನಿಗೆ ಗೊತ್ತಿಲ್ಲ. ಅವಳ ಇಬ್ಬರು ಗಂಡುಮಕ್ಕಳಿಗೂ ಗೊತ್ತಿಲ್ಲ.

"ಮೇಡಂ, ಜೈಲಿಗೆ ಹಾಕಿ, ಪರವಾಗಿಲ್ಲ. ಅವರಿಗೆ ಮಾತ್ರ ಹೇಳಬೇಡಿ. ಮೂವತ್ತೇಳು ವರ್ಷ ಒಂದೇ ಚಾಪೆ."

"ಮುಖ ಯಾಕೆ ಕೊಯ್ದ್ರಿ?"

"ದೀಪ ಬಂತು. ಹುಬ್ಬಿನ ಮೇಲೆ ಗಾಯ, ಹೊಸಿಲಲ್ಲಿ ಬಿದ್ದು ಆಗಿದ್ದು. ಕೈಗೆ ಬಳ್ಳಿ ಕಟ್ಟಿ ಎಳೀತಿದಾನೆ. ಎಲ್ಲರೂ ಸಾಧು ಅಂದ್ರು ಮೇಡಂ. ಅಭ್ಯಾಸಬಲ, ನಾನೂ ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ."

ಕೇಸು ಮುಂದುವರಿದರೆ ಮುಖ ಸಾಕ್ಷ್ಯವಾಗಿ ಠಾಣೆಯ ಕೋಣೆಗೆ ಹೋಗಬೇಕು, ಗಂಡನಿಗೆ ತಿಳಿಸಲೇಬೇಕು. ತಿಲಕಾ ಪೆನ್ನು ಕೆಳಗಿಟ್ಟು ಹೆನ್ರಿಯ ಕಡೆ ನೋಡಿದಳು.

ಹೆನ್ರಿ ಕುರ್ಚಿ ಮುಂದೆಳೆದುಕೊಂಡ. "ವಿಹಾರದ ಸಮಿತಿಗೆ ಬೇಕಾದ್ದು ತೋರಣ. ಮಾರ್ಟಿನ್‌ಗೆ ನಾನು ಹೇಳ್ತೀನಿ, ದೂರು ವಾಪಸ್ ಬರುತ್ತೆ." ಆಮೇಲೆ ಪದ್ಮಸೀಲಿಗೆ, "ನೀವೇ ಇಟ್ಕೊಳ್ಳಿ ಅಕ್ಕ. ನಾನು ಇನ್ನೊಂದು ಬರೀತೀನಿ."

ಅವಳು ಮುಖದ ಮೇಲೆ ಅಂಗೈ ಇಟ್ಟು ಕೂತಿದ್ದಳು. "ಎಷ್ಟು ಜನ ನೋಡ್ತಾರೆ?"

"ಏಳು ರಾತ್ರಿ. ಲಕ್ಷಗಟ್ಟಲೆ."

"ಹಾಗಾದ್ರೆ ಅಲ್ಲೇ ಇರಲಿ. ಇಷ್ಟು ದಿನ ಡಬ್ಬದಲ್ಲಿದ್ಲಲ್ಲ." ಮುಖವನ್ನು ಅವನ ಕಡೆ ಸರಿಸಿ, "ಆ ಬಳ್ಳಿ..."

"ಬಳ್ಳಿ ತೆಗೀತೀನಿ," ಎಂದ ಹೆನ್ರಿ.

4.25ಕ್ಕೆ ಮಾರ್ಟಿನ್ ಬಂದು ಹೆಬ್ಬೆರಳೊತ್ತಿದ. ಕಾರಣ: ರಾಜಿ. 4.40ಕ್ಕೆ ಪದ್ಮಸೀಲಿಯನ್ನು ಬಿಟ್ಟರು.

ಏಳು ಗಂಟೆಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯ ಆ ತುದಿಯಿಂದ ಸಮುದ್ರದ ಗಾಳಿಯ ಜೊತೆ ಜನ ಬರುತ್ತಲೇ ಇದ್ದರು. ಭಿಕ್ಷು ಗುಂಡಿ ಒತ್ತಿದ. ಇಪ್ಪತ್ತು ಸಾವಿರ ಬಲ್ಬು ಒಂದೇ ಉಸಿರಿಗೆ ಎದ್ದವು. ಕೆಂಪು ಬಳೆ ಬಳೆಯಾಗಿ ಹೊರಗೆ ಹರಿಯಿತು, ಹಳದಿ ಒಳಗೆ ಬಂತು, ಹಸಿರು ಬುದ್ಧನ ತಲೆಯ ಸುತ್ತ ತಿರುಗಿತು. ನೆಲದ ಮರಳೂ ಜನರ ಬಿಳಿ ಬಟ್ಟೆಯೂ ಬಣ್ಣ ಬದಲಿಸಿದವು. ಇಪ್ಪತ್ತು ವರ್ಷ ಜನರ ಗುಂಪಿಗೆ ಬೆನ್ನು ಕೊಡದೆ ನಿಂತು ಅಭ್ಯಾಸವಾಗಿದ್ದ ತಿಲಕಾ ಅದನ್ನು ಮರೆತಳು.

ಹನ್ನೊಂದನೆಯ ಚಿತ್ರಕ್ಕೆ ದೀಪ ಬಂತು. ಹುಡುಗಿ ಕತ್ತು ತಿರುಗಿಸಿ ನೋಡುತ್ತಿದ್ದಳು. ಕೈಗಳು ಬರಿದಾಗಿದ್ದವು.

"ಸಾಧು, ಸಾಧು," ಎಂದಿತು ಜನ. ಪದ್ಮಸೀಲಿಯ ತುಟಿ ಅಲ್ಲಾಡಲಿಲ್ಲ.

"ಏ, ಆ ಹುಡುಗಿ ನೋಡೇ," ಎಂದ ಪಕ್ಕದಲ್ಲಿದ್ದ ಏಕನಾಯಕ. "ನಿನ್ನ ಮೂಗೇ ಇಟ್ಟಿದಾರೆ ಕಣೇ."

ಅವಳು ಮಾತಾಡಲಿಲ್ಲ. ಬೆಳಗಾಗುವವರೆಗೆ ಸುಳ್ಳಾಡುವಂತಿರಲಿಲ್ಲ. ಏಕನಾಯಕ ಅವಳ ಮುಖವನ್ನೊಮ್ಮೆ ನೋಡಿ, ಹಿಂದೆ ನಿಂತಿದ್ದ ತಿಲಕಾಳ ಕಡೆ ತಿರುಗಿದ.

"ಮೇಡಂ, ಮಧ್ಯಾಹ್ನ ಇವಳನ್ನ ಜೀಪಲ್ಲಿ ಕರ್ಕೊಂಡು ಹೋದ್ರಿ. ಕೇಳಿದ್ರೆ ಬಾಯೇ ಬಿಡ್ತಿಲ್ಲ. ಏನಾಗಿತ್ತು?"

ಜಮಾಲ್ದೀನ್ ಬೂಟಿನ ತುದಿ ನೋಡತೊಡಗಿದ. ಇದನ್ನು ತಾನು ಇವರಿಗಲ್ಲ, ಮೇಲಿನವರಿಗಲ್ಲ, ಮನೆಯಲ್ಲೂ ಅಲ್ಲ, ಯಾರಿಗೂ ಹೇಳುವುದಿಲ್ಲ ಎಂದು ತಿಲಕಾ ಅಲ್ಲೇ ತೀರ್ಮಾನಿಸಿದಳು. ಶೀಲ ತೆಗೆದುಕೊಳ್ಳದೆ ಇದ್ದದ್ದು ಒಳ್ಳೆಯದೇ ಆಯಿತು.

"ಬಿಸಿಲಿಗೆ ತಲೆ ಸುತ್ತು ಬಂದಿತ್ತು ಮಹತ್ತಯಾ," ಎಂದಳು. "ನೀರು ಕುಡಿಸಿ ಕಳಿಸಿದ್ವಿ. ಅಷ್ಟೇ."