ಗೋಡೆಯೊಳಗೆ ಕುಟ್ಟಿದ ಸದ್ದು

ನಗಬೇಡಿ, ಕೈಯಾರೆ ಮುಟ್ಟಿದ್ದನ್ನೇ ಹೇಳುತ್ತಿದ್ದೇನೆ. ಚೀನಾದ ನಮ್ಮ ಹಾರ್ಬಿನ್ ಊರಿನ ಐಸ್ ಹಬ್ಬಕ್ಕೆ ಅಪ್ಪ ಹೊಳೆಯಲ್ಲಿ ಐಸ್ ಕೊಯ್ಯುತ್ತಿದ್ದ. ಹೆಜ್ಜೆ ಇಡುವ ಮೊದಲು ಗಟ್ಟಿಯಿದೆಯಾ ಅಂತ ಸಲಾಕೆಯಿಂದ ಕುಟ್ಟಿ ನೋಡುತ್ತಿದ್ದ: ಎರಡು ಜೋರು, ಒಂದು ಮೆತ್ತಗೆ. ಕಳೆದ ಡಿಸೆಂಬರ್‌ನಲ್ಲಿ ಹೊಳೆಗೆ ಹೋದವನು ಮನೆಗೆ ಬರಲಿಲ್ಲ.

ಹಬ್ಬದ ದಿನ ಹೊಳೆಯ ಐಸ್ ತುಂಡುಗಳಿಂದ ಕಟ್ಟಿದ ಕೋಟೆಯ ಮುಂದೆ ಅಮ್ಮ, ಅಪ್ಪನ ಕೆಲಸದ ಮೇಸ್ತ್ರಿ ಲುವಾನ್‌ನನ್ನು ತಡೆದಳು. "ನನ್ ಗಂಡ ಎಲ್ಲಣ್ಣ?"

"ಯಾವಳ್ ಜೊತೆಗೋ ಓಡೋಗಿರ್ತಾನೆ, ಬಿಡಕ್ಕ! ಹಬ್ಬ ನೋಡು."

ಅಮ್ಮ ಕೋಟೆಯ ಗೋಡೆಗೆ ಒರಗಿದಳು. ಒಳಗಿನಿಂದ ಕುಟ್ಟುವ ಸದ್ದು ಬಂತು. ಎರಡು ಜೋರು, ಒಂದು ಮೆತ್ತಗೆ. ನಾನು ಗ್ಲೌಸ್ ತೆಗೆದು ಸದ್ದು ಬಂದ ಐಸ್ ತುಂಡನ್ನು ಮುಟ್ಟಿದೆ. ಬರಿಗೈ ಅಂಟಿಕೊಳ್ಳುವ ಆ ಚಳಿಯಲ್ಲಿ ಆ ಒಂದು ತುಂಡು ಮಾತ್ರ ಬೆಚ್ಚಗಿತ್ತು.

"ಕೇಳಿಸ್ತಾ, ಮೇಸ್ತ್ರಿ?" ಅಂದೆ.

"ಏನಿಲ್ಲ, ನಡಿಯೇ," ಅಂದ. ಅಷ್ಟರಲ್ಲಿ ಅವನೇ ಹಿಂದೆ ಸರಿದಿದ್ದ.

ಮರುದಿನ ಆ ಜಾಗದಲ್ಲಿ ಹೊಸ ತುಂಡು ಕೂತಿತ್ತು. ಹಳೆಯದು ಎಲ್ಲಿ ಅಂತ ಇವತ್ತಿಗೂ ಯಾರೂ ಬಾಯಿ ಬಿಡುತ್ತಿಲ್ಲ.