ಎರಡು ತಿಂಗಳ ಬಿಲ್ಲು

ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಮತ್ತೆ ಕೆಂಪಕ್ಷರ: ಕರೆಂಟ್ ಬಿಲ್, ಗಡುವು ಮೀರಿದೆ. ಅದನ್ನು ಕಂಡರೆ ಪದ್ಮಶ್ರೀಗೆ ಹಿಗ್ಗು. ಬಿಲ್ಲು ಕಂಡು ಹಿಗ್ಗುವ ಹುಡುಗಿ ಪಣಕಹಳ್ಳಿಯಲ್ಲಿ ಇವಳೊಬ್ಬಳೇ ಇರಬೇಕು.

ಆ ಪ್ರೋಗ್ರಾಮ್ ಬರೆದುಕೊಟ್ಟವನು ವೃಷಭೇಂದ್ರ. ತಾಳವಾಡಿಯ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು, ಊರು ಗಡಿಯಾಚೆ ಚಾಮರಾಜನಗರ. ಮೌಸ್ ಬೇಡ, ಚಿತ್ರವಿಲ್ಲ. ಒಂದು ಕಮಾಂಡ್ ಟೈಪ್ ಮಾಡಿದರೆ ಗ್ಯಾಸು, ಫೋನು, ಕರೆಂಟು, ಯಾವುದನ್ನು ಯಾವಾಗ ಕಟ್ಟಬೇಕೆಂದು ಸಾಲಾಗಿ ಹೇಳುತ್ತದೆ. ಒಂದೇ ಎಡವಟ್ಟು: ತನ್ನೂರಿನ ರೂಢಿಯಂತೆ ಕರೆಂಟ್ ಬಿಲ್ಲನ್ನು ತಿಂಗಳಿಗೊಂದೆಂದು ಬರೆದುಬಿಟ್ಟಿದ್ದ. ಪಣಕಹಳ್ಳಿ ಇರುವುದು ಗಡಿಯ ಈಚೆ, ತಮಿಳುನಾಡಿನಲ್ಲಿ; ಇಲ್ಲಿ ಅದು ಎರಡು ತಿಂಗಳಿಗೊಮ್ಮೆ. ಬಿಲ್ಲೇ ಬಾರದ ತಿಂಗಳಲ್ಲೂ ಪರದೆ ಕೆಂಪಾಗುತ್ತಿತ್ತು. ಇವಳು ಫೋನ್ ಮಾಡುತ್ತಿದ್ದಳು. ಅವನು ಬೈಕ್ ಹತ್ತಿ ಬಂದು, ಹೇಗೋ ಕೆಂಪು ಅಳಿಸಿ ಹೋಗುತ್ತಿದ್ದ. ತಪ್ಪೆಲ್ಲಿದೆ ಎಂದು ಅವಳಿಗೆ ಮೊದಲ ಸಲವೇ ಗೊತ್ತಾಗಿತ್ತು. ಹೇಳಲಿಲ್ಲ, ಅಷ್ಟೆ.

ಇವತ್ತು ಫೋನ್ ಮಾಡುವಾಗ ಮಾತ್ರ ಹಿಗ್ಗಿನ ಜೊತೆ ಅಳುಕೂ ಇತ್ತು. ಭಾನುವಾರ ಕೊಳ್ಳೇಗಾಲದಿಂದ ಗಂಡಿನ ಕಡೆಯವರು ಬರುತ್ತಾರೆಂದು ಅಪ್ಪ ರುದ್ರಸ್ವಾಮಿ ಬೆಳಗ್ಗೆ ಹೇಳಿದ್ದರು.

ವೃಷಭೇಂದ್ರ ಬಂದು ಜಗಲಿಯಲ್ಲಿ ಕೂತ. ಅವ್ವ ಕಾಫಿ ಕೊಟ್ಟು ಒಳಹೋದಳು. ಅವನ ಕಣ್ಣು ಪರದೆಗಿಂತ ಹೆಚ್ಚಾಗಿ ಪದ್ಮಶ್ರೀಯ ಬಳೆಗಳ ಮೇಲಿತ್ತು; ಅವಳು ನೋಡಿದಾಗ ಗಡಿಬಿಡಿಯಲ್ಲಿ ಕಿಟಕಿಗೆ ಹಾರಿತು. ಅಲ್ಲಿ ಸಿಕ್ಕಿಸಿದ್ದ ಕರೆಂಟ್ ಮೀಟರಿನ ಇ.ಬಿ. ಕಾರ್ಡು, ಅದರಲ್ಲಿ ಎರಡೆರಡು ತಿಂಗಳ ಅಂತರದ ತಾರೀಖುಗಳು.

"ಅಯ್ಯೋ! ನಿಮ್ಮಲ್ಲಿ ಎರ್ಡು ತಿಂಗ್ಳಿಗೊಂದ್ಸಲ ಅಲ್ವಾ!" ಟಕಟಕನೆ ಒಂದು ಸಾಲು ತಿದ್ದಿದ. ಕೆಂಪು ಮಾಯವಾಯಿತು. "ಸರಿ ಓಯ್ತು. ಇನ್ನು ನನ್ನ ಕರಿಯೋ ತಾಪತ್ರಯ ಇಲ್ಲ."

ಪದ್ಮಶ್ರೀಗೆ ಅಳು ಬಂತು, ಬೆನ್ನಿಗೇ ಸಿಟ್ಟೂ ಬಂತು.

"ಸರಿ ಮಾಡಿ ಅಂತ ಯಾರು ಅಂದ್ರು ನಿಮ್ಗೆ?"

"ನೀವೇ ಫೋನ್ ಮಾಡುದ್ರಲ್ಲಾ..."

"ಬನ್ನಿ ಅಂದೆ, ಅಷ್ಟೆ. ತಪ್ಪು ಎಲ್ಲದೆ ಅಂತ ನಂಗೆ ಆಗ್ಲೇ ಗೊತ್ತಿತ್ತು. ಏಳಿದ್ರೆ ನೀವು ಬತ್ತಿದ್ರಾ?" ಲ್ಯಾಪ್‌ಟಾಪ್ ಮುಚ್ಚಿದಳು. "ಭಾನುವಾರ ನನ್ನ ನೋಡಕ್ಕೆ ಯಾರೋ ಬತ್ತಾವ್ರೆ, ಮೇಷ್ಟ್ರೇ."

ಕಾಫಿ ಲೋಟ ಅವನ ಕೈಯಲ್ಲೇ ನಿಂತಿತು.

"ಬಿಲ್ಲಿಗೋಸ್ಕರ ಬತ್ತಿದ್ದೆ ಅನ್ಕೊಂಡ್ರಾ? ನಿಮ್ಮ ಫೋನು ಯಾವಾಗ ಬತ್ತದೋ ಅಂತ ದಿನ ಎಣಿಸ್ತಿದ್ದೆ ಕಣ್ರೀ."

"ಮತ್ಯಾಕೆ ಬಾಯಿ ಬುಡ್ಲಿಲ್ಲ?"

"ಭಯ. ನೀವು ಒಲ್ಲೆ ಅಂದ್ಬುಟ್ರೆ ಈ ಜಗ್ಲಿಗೂ ಬರಂಗಿಲ್ವಲ್ಲ ಅಂತ."

"ಒಲ್ಲೆ ಅಂತ ಅಂದ್ನಾ ನಾನು?"

ವೃಷಭೇಂದ್ರ ಲೋಟ ಕೆಳಗಿಟ್ಟು ಎದ್ದ. ಶರ್ಟಿನ ಸುಕ್ಕು ನೇವರಿಸಿಕೊಂಡ.

"ನಿಮ್ಮಪ್ಪಾಜಿ ಎಲ್ಲವ್ರೆ?"

"ಒಲದಲ್ಲವ್ರೆ. ಯಾಕೆ?"

"ಭಾನುವಾರದವರ್ಗೂ ಯಾಕೆ ಕಾಯ್ಬೇಕು?"

ಎಂದವನೇ ಬೈಕನ್ನು ಅಲ್ಲೇ ಬಿಟ್ಟು ಬಿರಬಿರನೆ ನಡೆದ. ಹತ್ತು ಹೆಜ್ಜೆ ಹೋಗಿ ನಿಂತು, ಪೆಚ್ಚುಮೋರೆಯಲ್ಲಿ ತಿರುಗಿ ನೋಡಿದ. ಹೊಲ ಯಾವ ಕಡೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಪದ್ಮಶ್ರೀ ಕಣ್ಣೊರೆಸಿಕೊಂಡು ನಕ್ಕಳು. ಚಪ್ಪಲಿ ಮೆಟ್ಟಿ, ದಾರಿ ತೋರಿಸಲು ಅವನ ಮುಂದೆ ಹೊರಟಳು.