ಚಂದ್ರಿಕೆಯ ಹಿಂದಿನ ಮನೆ

ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬಂದ ದಿನವೇ ನನ್ನ ರೇಷ್ಮೆಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ತಪ್ಪು ಹುಳುಗಳದ್ದಲ್ಲ. ದಿನ ಲೆಕ್ಕ ಹಾಕದೆ 'ಭಾನುವಾರ ಬನ್ನಿ' ಎಂದ ಬುದ್ಧಿವಂತ ನಾನೇ.

ಅದಕ್ಕಿಂತ ದೊಡ್ಡ ಬುದ್ಧಿವಂತಿಕೆ ಇನ್ನೊಂದಿತ್ತು. ಮನೆ ತುಂಬ ಚೆಲ್ಲಾಡಿದ್ದ ಬಟ್ಟೆ, ವೈರು, ಮೂರು ಟಾರ್ಚು, ಅರ್ಧ ಬಿಚ್ಚಿಟ್ಟ ಮಿಕ್ಸಿ ಎಲ್ಲವನ್ನೂ ನಡುಮನೆಯ ಮೂಲೆಯಲ್ಲಿ ಗುಡ್ಡೆ ಹಾಕಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅದರ ಮುಂದೆ ಗೋಡೆಯಂತೆ ನಿಲ್ಲಿಸಿದ್ದೆ.

"ಲೇ ಮುನೇಶ, ಬೀರು ಯಾತಕ್ಕಲಾ ಐತೆ?" ಅಂದಳು ಅಮ್ಮ.

ಬೀರುವಿನೊಳಗೆ ಹೋದದ್ದು ನನ್ನ ಪಾಲಿಗೆ ಕಳೆದುಹೋದ ಹಾಗೆ. ಒಂದೇ ವರ್ಷದಲ್ಲಿ ಐದು ಕೊಡೆ ಕೊಂಡವನು ನಾನು. ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಗಮನ ಒಂದೆಡೆ ನಿಲ್ಲದ ತೊಂದರೆ, ಸೋಮಾರಿತನ ಅಲ್ಲ ಎಂದು ಕೋಲಾರದ ಡಾಕ್ಟರು ಹೋದ ವರ್ಷ ಹೇಳಿದರು. ನಮ್ಮೂರು ಲಕ್ಕೂರಿನವರು ಒಪ್ಪಬೇಕಲ್ಲ! ಈ ಮನೆ ನೋಡಿಯೇ ಎರಡು ಸಂಬಂಧ ವಾಪಸ್ ಹೋಗಿದ್ದವು. ಹೋಗಲಿ, ನಾನೇನೂ ಅತ್ತಿರಲಿಲ್ಲ. ಈ ಸಲದ ಹುಡುಗಿ ಮೌನಿಕಾ ಹೋದರೆ ಮಾತ್ರ ಖಂಡಿತ ಅಳುತ್ತಿದ್ದೆ.

ನಂಗಲಿಯ ಹೈವೇ ಪಕ್ಕ ಅವಳ ಅಪ್ಪ ಕಾಂತರಾಜ್ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾರೆ. ಹೋದ ತಿಂಗಳು ಹೆಣ್ಣು ನೋಡಲು ಹೋದಾಗ, ಖಾಲಿ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹತ್ತು ನಿಮಿಷ ಹಿಡಿದು ಕೂತಿದ್ದೆ. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು, ತುಟಿಯಂಚಿನಲ್ಲೇ ನಗು ನುಂಗಿ, "ಕೊಡಿ, ಮನೆಗೆ ತಗೊಂಡೋಗ್ಬಿಟ್ಟೀರ" ಅಂದಳು. ಅಲ್ಲಿಗೆ ನನ್ನ ಕಥೆ ಮುಗಿದಿತ್ತು.

ಈಗ ಅದೇ ಮೌನಿಕಾ ಅಪ್ಪ ಅಮ್ಮನ ಜೊತೆ ನಮ್ಮ ನಡುಮನೆಯಲ್ಲಿದ್ದಾಳೆ. ಹುಳುಮನೆಗೆ ಇಣುಕಿ ಬಂದ ನಾನು ಚಂದ್ರಿಕೆಗಳ ಮುಂದೆ ಕಂಬವಾಗಿ ನಿಂತಿದ್ದೆ.

"ಏನಾಯ್ತು?" ಅಂದಳು.

"ಹುಳ ಹಣ್ಣಾಗ್ಬಿಟ್ಟವೆ. ಈಗಲೇ ಚಂದ್ರಿಕೆಗೆ ಬಿಡ್ಬೇಕು. ಇಲ್ದಿದ್ರೆ ಕಸದಲ್ಲೇ ಗೂಡು ಕಟ್ಟಿ ಬೆಳೆ ಹಾಳಾಗುತ್ತೆ."

"ಮತ್ತೆ ತಗೊಂಡೋಗಿ."

"ತಗೊಂಡ್ರೆ ನೀವು ಹೊರಟೋಗ್ತೀರ."

ಅವಳು ಹುಬ್ಬೇರಿಸಿದಳು. ಎದ್ದು ಬಂದು ತಾನೇ ಒಂದು ಚಂದ್ರಿಕೆ ಎಳೆದಳು. ಗುಡ್ಡೆ ಕುಸಿದು ಮಿಕ್ಸಿ ಉರುಳಿ, ಟಾರ್ಚೊಂದು ಅವಳ ಕಾಲ ಬಳಿ ಬಂದು ನಿಂತಿತು.

"ಅಯ್ಯೋ ದೇವುಡಾ!" ಅಂದರು ಅವಳ ಅಮ್ಮ ವೆಂಕಟರತ್ನಮ್ಮ.

ಮುಚ್ಚಿಡಲು ಇನ್ನೇನು ಉಳಿದಿತ್ತು? ಡಾಕ್ಟರು ಹೇಳಿದ್ದು, ಕಣ್ಣಿಗೆ ಕಾಣದ್ದು ಮರೆತುಹೋಗುವುದು, ಬೀರು, ಐದು ಕೊಡೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಮೊದಲು ಹುಳ," ಅಂದಳು ಮೌನಿಕಾ, ಸೆರಗು ಸಿಕ್ಕಿಸುತ್ತ. "ಮಾತು ಆಮೇಲೆ."

ಕೈಕಾಲು ತೊಳೆದು ನನ್ನ ಜೊತೆ ಹುಳುಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ಸಾಲಾಗಿ ತೆರೆದ ತಟ್ಟೆಗಳು, ಗೋಡೆಯ ಮೇಲೆ ಸೊಪ್ಪು ಹಾಕುವ ವೇಳೆಯ ಪಟ್ಟಿ, ದಾರದಲ್ಲಿ ನೇತಾಡುವ ಮಾರ್ಕರ್ ಪೆನ್ನು.

"ಇದನ್ನ ಯಾರು ಜೋಡ್ಸಿದ್ದು?"

"ನಾನೇ."

"ಮತ್ತೆ ನಿಮಗೆ ಜೋಡ್ಸೋಕೆ ಬರಲ್ಲ ಅಂದೋರು ಯಾರು? ಇಲ್ಲಿ ಯಾವ್ದಕ್ಕೂ ಬಾಗಿಲಿಲ್ಲ, ಎಲ್ಲ ಕಣ್ಣೆದುರಿಗೇ ಐತೆ. ನಮ್ಮಂಗಡೀನೂ ಹಿಂಗೇ."

ಮೂವತ್ತು ವರ್ಷದಲ್ಲಿ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ತಲೆ ತಗ್ಗಿಸಿ ಹುಳು ಆಯುತ್ತ ಕೂತೆ.

ಅವಳು ಹಳದಿ ತಿರುಗಿದ ಹುಳುವೊಂದನ್ನು ನನ್ನ ಅಂಗೈಗೆ ಬಿಟ್ಟಳು. ಬೆರಳು ತಾಗಿತು, ಅವಸರದಲ್ಲಿ ಹಿಂದೆ ಹೋಗಲಿಲ್ಲ.

"ಒಂದು ಡೌಟು," ಅಂದಳು, ಕಣ್ಣು ಹುಳುವಿನ ಮೇಲೆಯೇ ಇತ್ತು. "ಕಣ್ಣಿಗೆ ಕಾಣದ್ದು ಮರ್ತೋಗುತ್ತೆ ಅಂದ್ರಲ್ಲ. ನಾನು ನಂಗಲಿಗೆ ಹೋದ್ಮೇಲೆ?"

"ತಿಂಗಳಾಯ್ತು. ಗ್ಯಾಸ್ ಬುಕ್ ಮಾಡೋದು ಮರ್ತೆ, ನಮ್ಮಕ್ಕನ ಮಗಳ ಹುಟ್ಟಿದಬ್ಬ ಮರ್ತೆ. ನಿಮ್ಮನ್ನ ಒಂದು ದಿನಾನೂ ಮರೀಲಿಲ್ಲ. ನಂಗೆ ನೀವಂದ್ರೆ ತುಂಬ ಇಷ್ಟ ಕಣ್ರೀ."

ಅವಳು ಅದೇ ಹುಳುವನ್ನು ನನ್ನ ಅಂಗೈಯಿಂದ ಎತ್ತಿ, ಬಲು ನಿಧಾನವಾಗಿ ಚಂದ್ರಿಕೆಗೆ ಬಿಟ್ಟಳು.

ಸಂಜೆಯ ಹೊತ್ತಿಗೆ ಕೊನೆಯ ಹುಳುವೂ ಚಂದ್ರಿಕೆ ಸೇರಿತು. ಬೀಗರಾಗಬೇಕಾದವರೂ ತೋಳು ಮೇಲೇರಿಸಿ ದುಡಿದಿದ್ದರು. ಮೌನಿಕಾ ನಡುಮನೆಗೆ ಬಂದು, "ಸ್ಕ್ರೂಡ್ರೈವರ್ ಎಲ್ಲಿ?" ಅಂದಳು. ನಾನು ಪಿಳಿಪಿಳಿ ನೋಡಿದೆ. ಅವಳೇ ಗುಡ್ಡೆಯಿಂದ ಹೆಕ್ಕಿ, ಬೀರುವಿನ ಎರಡೂ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿದಳು. ಆಮೇಲೆ ತಲೆಬಾಗಿಲ ಪಕ್ಕ ಎರಡು ಮೊಳೆ ಹೊಡೆದಳು.

"ಏನೇ ಇದು, ಬೇರೆಯೋರ ಮನೇಲಿ!" ವೆಂಕಟರತ್ನಮ್ಮ ಗದರಿದರು.

ಮೌನಿಕಾ ನನ್ನ ಬೈಕಿನ ಕೀಯನ್ನು ಮೊದಲ ಮೊಳೆಗೆ ತಗಲಿಸಿದಳು.

"ಇನ್ನೊಂದು ಯಾತಕ್ಕೆ?" ಅಂದೆ.

ತಿರುಗಿ ನೋಡಿದಳು. ಈ ಸಲ ನಗು ನುಂಗಲಿಲ್ಲ.

"ಅದು ನನ್ನ ಸ್ಕೂಟಿ ಕೀಗೆ. ನಾನು ಬರೋವರ್ಗೂ ಅದಕ್ಕೆ ಏನೂ ನೇತಾಕ್ಬೇಡಿ."